ಲೈಂಗಿಕ ಶಿಕ್ಷಣದ ಕ್ಲಾಸಿಂದ ಮಕ್ಕಳನ್ನ ಎಬ್ಬಿಸಿ ಕಳಿಸೋ ಲೆಟರ್‌ಗೆ ಅವಕಾಶ ಕೊಡ್ಬೇಡಿ: ಶಿಕ್ಷಣ ಇಲಾಖೆಗೆ, ಪೋಷಕರಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯವರಿಗೆ, ಹಾಗೇ ಮಕ್ಕಳನ್ನ ಹೈಸ್ಕೂಲಿಗೆ ಕಳಿಸ್ತಿರೋ ಎಲ್ಲಾ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ನಾನು ತುಮಕೂರು ಜಿಲ್ಲೇಲಿ ಎಎನ್‌ಎಂ ಆಗಿ ಹಳ್ಳಿ ಹಳ್ಳಿ ತಿರುಗಿ ರಿಟೈರ್ ಆದೋಳು, ಊರವರ ಬಾಯಲ್ಲಿ ನರ್ಸಮ್ಮ. ಈಗ ಮೊಮ್ಮಗ ಎಂಟನೇ ಕ್ಲಾಸು, ಮೊಮ್ಮಗಳು ಆರನೇ ಕ್ಲಾಸು. ಮೊಮ್ಮಗನ ಶಾಲೆ ಪೋಷಕರ ವಾಟ್ಸಾಪ್ ಗ್ರೂಪಲ್ಲಿ ಒಬ್ರು ಒಂದು ಮೆಸೇಜ್ ಹಾಕಿದ್ರು, ಲೈಂಗಿಕ ಶಿಕ್ಷಣದ ಕ್ಲಾಸ್ ಶುರು ಆದ್ರೆ ಇಷ್ಟ ಇಲ್ಲದ ಪೋಷಕರು ಲೆಟರ್ ಬರೆದುಕೊಟ್ಟು ತಮ್ಮ ಮಗುನ ಆಚೆ ಕೂರಿಸೋಕೆ ಅವಕಾಶ ಇರ್ಲೇಬೇಕು, ಅದು ಅಪ್ಪ ಅಮ್ಮನ ಹಕ್ಕು ಅಂತ. ಅದಕ್ಕೆ ಸಾಲು ಸಾಲಾಗಿ ಹೌದು ಹೌದು ಅಂತ ಬಂತು. ಬೇಡ ಅಂದೋರೆಲ್ಲ ಕೆಟ್ಟೋರಲ್ಲ, ಅದ್ರಲ್ಲಿ ಬಹಳಷ್ಟು ಜನ ಮಕ್ಕಳ ಮೇಲೆ ಪ್ರಾಣಾನೇ ಇಟ್ಕೊಂಡಿರೋರು, ಅದು ನಂಗೆ ಗೊತ್ತು. ಆದ್ರೂ ಆ ಲೆಟರ್‌ಗೆ ಅವಕಾಶ ಕೊಡ್ಬಾರ್ದು ಅಂತ ಕೈಮುಗಿದು ಕೇಳ್ಕೊಳ್ಳೋಕೇ ಇದನ್ನ ಬರೀತಿದೀನಿ.

2025ರ ಮಾರ್ಚ್‌ನಲ್ಲಿ ಸಚಿವರು ಮಧು ಬಂಗಾರಪ್ಪನವರು ಸದನದಲ್ಲಿ ಹೇಳಿದ್ರು, 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ತರ್ತೀವಿ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಡಾಕ್ಟ್ರು ನರ್ಸುಗಳು ಬಂದು ಕ್ಲಾಸ್ ಮಾಡ್ತಾರೆ ಅಂತ. ಕೇಳಿ ಬಹಳ ಖುಷಿ ಆಯ್ತು. ಆದ್ರೆ ಈ ಹಾದೀಲಿ ನಾವು ಒಂದ್ಸಲ ಹೋಗಿ ಅರ್ಧಕ್ಕೇ ವಾಪಸ್ ಬಂದಿದೀವಿ, ಅದನ್ನೂ ನೆನಪು ಮಾಡ್ಕೋಬೇಕು. 2005ರ ಹೊತ್ತಿಗೆ ಕೇಂದ್ರ ಸರ್ಕಾರ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ಹದಿಹರೆಯದ ಮಕ್ಕಳಿಗೆ ಅಂತ ಒಂದು ಕಾರ್ಯಕ್ರಮ ತಂದ್ರು. ಅದ್ರ ಪುಸ್ತಕದಲ್ಲಿದ್ದ ಚಿತ್ರಗಳ ಬಗ್ಗೆ ಗಲಾಟೆ ಆಗಿ 2007ರಲ್ಲಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ ಎಲ್ಲಾ ನಿಲ್ಲಿಸಿದ್ವು, ಕರ್ನಾಟಕಾನೂ ನಿಲ್ಲಿಸ್ತು. 2009ರಲ್ಲಿ ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆ ಅರ್ಜಿಗಳ ಸಮಿತಿ ಶಾಲೇಲಿ ಲೈಂಗಿಕ ಶಿಕ್ಷಣಾನೇ ಬೇಡ ಅಂತ ವರದಿ ಕೊಡ್ತು. ಚಿತ್ರ ಸರಿ ಇರ್ಲಿಲ್ಲ ಅಂದ್ರೆ ಚಿತ್ರ ತಿದ್ದಬಹುದಿತ್ತು. ಅದು ಬಿಟ್ಟು ಇಡೀ ರಾಜ್ಯದ ಮಕ್ಕಳ ಪರವಾಗಿ ಸರ್ಕಾರಾನೇ ಲೆಟರ್ ಬರೆದುಕೊಟ್ಟಂಗೆ ಆಯ್ತು. ಆಮೇಲೆ ಉಳಿದಿದ್ದು ವಿಜ್ಞಾನದ ಪಾಠ ಒಂದೇ. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠ ಬಂದಾಗ ಎಷ್ಟು ಶಾಲೇಲಿ ಮೇಷ್ಟ್ರು ಹೂವಿನ ಪರಾಗಸ್ಪರ್ಶ ಚೆನ್ನಾಗಿ ಮಾಡಿ, ಮನುಷ್ಯರದ್ದು ಬಂದ ತಕ್ಷಣ ಮನೇಲಿ ಓದ್ಕೊಳ್ಳಿ ಅಂತ ಪುಟ ತಿರುವಿ ಹಾಕ್ತಾರೆ ಅನ್ನೋದು ಇದನ್ನ ಓದ್ತಿರೋ ನಿಮಗೂ ಗೊತ್ತು, ನಿಮ್ಮ ಕ್ಲಾಸಲ್ಲೂ ಹಂಗೇ ಆಗಿರುತ್ತೆ. ಅಂದ್ರೆ ಇಷ್ಟು ವರ್ಷ ಇಲ್ಲಿ ಎಲ್ಲಾ ಮಕ್ಕಳೂ ಆಚೇನೇ ಕೂತಿದ್ರು, ಯಾರ ಲೆಟರೂ ಬೇಕಾಗಿರ್ಲಿಲ್ಲ.

ಆಚೆ ಕೂತ ಮಕ್ಕಳು ಏನಾದ್ರು ಅಂತ ನಾನು ಹತ್ತಿರದಿಂದ ನೋಡಿದೀನಿ.

ಹೆಣ್ಣುಮಕ್ಕಳ ವಿಷಯ ಮೊದ್ಲು ಹೇಳ್ತೀನಿ. ಮೊದಲ ಸಲ ಮುಟ್ಟಾದಾಗ ಏನೋ ಗಾಯ ಆಗಿದೆ, ಸಾಯ್ತೀನೇನೋ ಅಂತ ಅಳ್ತಾ ಕೂತ ಎಷ್ಟೋ ಹುಡುಗೀರನ್ನ ಸಮಾಧಾನ ಮಾಡಿದೀನಿ, ಅಮ್ಮಂದಿರು ಹೇಳೇ ಇರಲ್ಲ, ಆದಾಗ ಹೇಳೋಣ ಬಿಡು ಅಂತ ಇರ್ತಾರೆ, ಈಗಿನ ಮಕ್ಕಳು ಐದನೇ ಆರನೇ ಕ್ಲಾಸಿಗೇ ಆಗ್ಬಿಡ್ತಾರೆ. ಶುಚಿ ಯೋಜನೆ ಪ್ಯಾಡ್ ಕೈಗೆ ಬರುತ್ತೆ ಆದ್ರೆ ಅದು ಯಾಕೆ, ದೇಹದಲ್ಲಿ ಏನಾಗ್ತಿದೆ ಅಂತ ಹೇಳೋರು ಇರಲ್ಲ. ಇನ್ನು ಹದಿನಾರು ಹದಿನೇಳಕ್ಕೆ ಗರ್ಭಿಣಿಯಾಗಿ ಬಂದ ಹುಡುಗೀರು. ಮುಟ್ಟು ನಿಂತು ಎಷ್ಟು ತಿಂಗಳಾಯ್ತು ಅಂತ ಕೇಳಿದ್ರೆ ಲೆಕ್ಕಾನೇ ಇಟ್ಟಿರಲ್ಲ, ಅದಕ್ಕೂ ಗರ್ಭಕ್ಕೂ ಸಂಬಂಧ ಇದೆ ಅಂತ ಸರಿಯಾಗಿ ಗೊತ್ತಿರಲ್ಲ, ಹೊಟ್ಟೆ ಕಾಣೋವರೆಗೂ ಮನೆಯವರಿಗೂ ಗೊತ್ತಾಗಿರಲ್ಲ, ಗೊತ್ತಾದ ಮೇಲೆ ಪೊಲೀಸ್ ಕೇಸ್ ಆಗುತ್ತೆ ಅಂತ ಆಸ್ಪತ್ರೆಗೆ ಕರ್ಕೊಂಡು ಬರೋಕೇ ಹೆದರ್ತಾರೆ, ಅಷ್ಟೊತ್ತಿಗೆ ರಕ್ತದಲ್ಲಿ ಹಿಮೋಗ್ಲೋಬಿನ್ ಏಳೂ ಇರಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಜನಕ್ಕೆ 18 ತುಂಬೋ ಮೊದಲೇ ಮದುವೆ ಆಗಿತ್ತು. ಐದರಲ್ಲಿ ಒಬ್ಬಳು. ಅಂಥಾ ಮದುವೆ ಅಸಿಂಧು ಅಂತ ಕರ್ನಾಟಕ ಕಾನೂನೇ ತಿದ್ದುಪಡಿ ಮಾಡ್ಕೊಂಡಿದೆ, ಆದ್ರೆ ಆ ಹುಡುಗಿಗೆ ಅದು ಯಾರು ಹೇಳ್ಬೇಕು? ಅವಳಿಗೆ ಮದುವೆ ಮಾಡೋಕೆ ಹೊರಟಿರೋ ಅಪ್ಪ ಹೇಳ್ತಾರಾ? ಆ ಅಪ್ಪನ ಕೈಗೇ ಲೆಟರ್ ಕೊಟ್ಟು ನಿಮ್ಮ ಮಗಳು ಈ ಕ್ಲಾಸಲ್ಲಿ ಕೂರಬಹುದಾ ಅಂತ ಕೇಳಿದ್ರೆ ಏನು ಉತ್ತರ ಬರುತ್ತೆ ಅಂತ ಇಲಾಖೆಯವ್ರು ಒಂದು ನಿಮಿಷ ಯೋಚನೆ ಮಾಡಿ.

ಗಂಡುಮಕ್ಕಳ ಬಗ್ಗೆ ಯಾರೂ ಮಾತೇ ಆಡಲ್ಲ. ಯಾವ್ದಾದ್ರೂ ಬಸ್‌ಸ್ಟ್ಯಾಂಡ್ ಗೋಡೆ ನೋಡಿ, ಗುಪ್ತರೋಗ, ನರದೌರ್ಬಲ್ಯ, ಹಸ್ತಮೈಥುನದಿಂದ ಹಾಳಾದ ಯುವಕರು ಸಂಪರ್ಕಿಸಿ, ಇಂಥಾ ವಾರ ಇಂಥಾ ಲಾಡ್ಜ್ ರೂಮಲ್ಲಿ ಸಿಗ್ತಾರೆ ಅಂತ ಪೋಸ್ಟರ್. ನಮ್ಮ ಹುಡುಗ್ರಿಗೆ ಎಷ್ಟೋ ವರ್ಷದಿಂದ ಇದೇ ಪಠ್ಯಪುಸ್ತಕ. ನಿದ್ದೇಲಿ ವೀರ್ಯ ಹೋಗೋದು ಆ ವಯಸ್ಸಲ್ಲಿ ಸಹಜ ಅಂತ ಒಂದು ಮಾತು ಯಾರಾದ್ರೂ ಹೇಳಿದ್ರೆ ಸಾಕಿತ್ತು, ಅದು ಇಲ್ದೆ ಶಕ್ತಿ ಎಲ್ಲಾ ಹೋಯ್ತು ಅಂತ ಹೆದರಿ, ಓದು ಬಿಟ್ಟು, ಮನೇಲಿ ದುಡ್ಡು ಕದ್ದು ಆ ಲಾಡ್ಜ್ ಡಾಕ್ಟ್ರ ಪುಡಿ ತಿಂದು ಹೊಟ್ಟೆ ಕೆಡಿಸ್ಕೊಂಡು ನಮ್ಮ ಸಬ್‌ಸೆಂಟರ್‌ಗೆ ಬಂದು, ನರ್ಸಮ್ಮ ಹೆಂಗಸು ಅವ್ರ ಹತ್ರ ಹೆಂಗೆ ಹೇಳೋದು ಅಂತ ತಲೆ ತಗ್ಗಿಸಿ ನಿಂತಿರ್ತಿದ್ವು ಪಾಪ. ಈಗ ಗೋಡೆ ಜಾಗಕ್ಕೆ ಫೋನ್ ಬಂದಿದೆ. ಮೊದ್ಲು ಭಯ ಅಷ್ಟೇ ಇತ್ತು, ಈಗ ಹೆಣ್ಣು ಅಂದ್ರೆ ಹಿಂಗೇ, ಬೇಡ ಅಂದ್ರೂ ಅದು ಹೌದು ಅಂತಾನೇ ಅರ್ಥ ಅಂತ ಕಲಿಸೋ ವಿಡಿಯೋ ಹನ್ನೆರಡು ವರ್ಷದ ಹುಡುಗನ ಕೈಲಿದೆ. ಗ್ರೂಪಲ್ಲಿ ಹೌದು ಹೌದು ಅಂದ ಅಣ್ಣಂದಿರೇ ಅಕ್ಕಂದಿರೇ, ಶಾಲೆ ಕ್ಲಾಸಿಗೆ ಲೆಟರ್ ಕೊಟ್ಟು ಮಗುನ ಆಚೆ ಕೂರಿಸಬಹುದು, ಪಕ್ಕದ ಹುಡುಗನ ಫೋನಿಗೆ ಯಾವ ಲೆಟರ್ ಕೊಡ್ತೀರಾ? ಆ ಪೀರಿಯಡ್ಡಲ್ಲಿ ಆಚೆ ಕೂತ ಮಗು ಮಧ್ಯಾಹ್ನದ ಊಟಕ್ಕೆ ಕೂತಾಗ ಗೆಳೆಯರನ್ನ ಕೇಳೇ ಕೇಳುತ್ತೆ ಏನ್ ಹೇಳಿಕೊಟ್ರೋ ಅಂತ, ಅವ್ರು ಅದಕ್ಕೆ ಉಪ್ಪು ಖಾರ ಹಚ್ಚಿ ಹೇಳ್ತಾರೆ. ಟೀಚರ್ ಬಾಯಿಂದ ಸರಿಯಾಗಿ ಕೇಳೋದು ತಪ್ಪಿ ಹೋಗಿ ಬರೀ ಈ ಖಾರ ಮಾತ್ರ ಸಿಗುತ್ತೆ ಆ ಮಗೂಗೆ.

ಈಗ ಹೇಳೋಕೆ ಕಷ್ಟ ಆಗೋ ಮಾತು ಹೇಳ್ತೀನಿ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಮಾತಾಡ್ಸಿ ಒಂದು ಅಧ್ಯಯನ ಮಾಡ್ತು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಅಂದ್ರು, ಅದ್ರಲ್ಲಿ ಹುಡುಗ್ರು ಹುಡುಗೀರಷ್ಟೇ ಇದ್ರು, ಹೆಚ್ಚಿನ ಮಕ್ಕಳು ಅದುವರೆಗೂ ಯಾರಿಗೂ ಬಾಯಿ ಬಿಟ್ಟಿರ್ಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳನ್ನ ನೋಡಿ, ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋ ಪೋಕ್ಸೊ ಕಾಯ್ದೆಯಡಿ ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಮಗೂಗೆ ಮೊದಲೇ ಪರಿಚಯ ಇದ್ದೋರು. ಮನೆಯೋರು, ನೆಂಟರು, ಪಕ್ಕದ ಮನೆಯೋರು, ಸ್ನೇಹಿತ ಅಂತ ಹೇಳ್ಕೊಂಡು ಬಂದೋರು. ನಾನು ಕೆಲಸದಲ್ಲಿದ್ದಾಗ ಒಂದು ಮಗು ಹೊಟ್ಟೆನೋವು ಅಂತ ಮತ್ತೆ ಮತ್ತೆ ಬರ್ತಿತ್ತು, ಕರ್ಕೊಂಡು ಬರ್ತಿದ್ದೋನೇ ಅದಕ್ಕೆ ಕಾರಣ ಅಂತ ಆಮೇಲೆ ಗೊತ್ತಾಯ್ತು. ಅದಕ್ಕಿಂತ ಹೆಚ್ಚು ಬರೆಯಲ್ಲ. ಆ ಮಗೂಗೆ ತನಗೆ ಆಗ್ತಿರೋದು ತಪ್ಪು ಅಂತ ಹೇಳೋಕೆ ಮಾತೇ ಇರ್ಲಿಲ್ಲ, ತನ್ನ ದೇಹದ ಭಾಗದ ಹೆಸರು ಹೇಳೋಕೂ ಬರ್ತಿರ್ಲಿಲ್ಲ, ಅದಕ್ಕೇ ಹೊಟ್ಟೆನೋವು ಅಂತಿತ್ತು.

ನೀವು ಕೊಡೋಕೆ ಹೊರಟಿರೋ ಲೆಟರ್‌ಗೆ ಸಹಿ ಹಾಕೋ ಕೈ ಯಾವ್ದು ಅಂತ ಇಲಾಖೆಗೆ ಹೆಂಗೆ ಗೊತ್ತಾಗುತ್ತೆ? ಒಳ್ಳೇ ಅಪ್ಪ ಅಮ್ಮನೂ ಸಹಿ ಹಾಕ್ತಾರೆ, ಮಗು ಬಾಯಿ ಬಿಡಬಾರ್ದು ಅಂತ ಕಾಯ್ತಿರೋನೂ ಸಹಿ ಹಾಕ್ತಾನೆ, ಎರಡು ಲೆಟರೂ ಒಂದೇ ಥರ ಕಾಣುತ್ತೆ. ಬೇರೆ ಎಲ್ಲಾ ವಾದ ಬಿಟ್ರೂ ನಂಗೆ ಇದೊಂದೇ ಸಾಕು. ಕಾನೂನೂ ಈ ಕಡೇನೇ ಇದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳಿಗೆ ಅವ್ರ ಸುರಕ್ಷತೆ ಬಗ್ಗೆ ವಯಸ್ಸಿಗೆ ತಕ್ಕ ಪಠ್ಯ ಮಾಡಿ ಹೇಳಿಕೊಡೋದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕೆಲಸ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೇ ಕ್ಲಾಸಿಂದ ಮೇಲಿನ ಮಕ್ಕಳಿಗೆ ಪೋಕ್ಸೊ ಕಾಯ್ದೆ ಬಗ್ಗೆ ತಿಳಿಸೋಕೆ ಪಠ್ಯ ತಯಾರು ಮಾಡಿ, ಸಮಿತಿ ಮಾಡಿ ಅಂತ ಶಿಕ್ಷಣ ಇಲಾಖೆಗೇ ಹೇಳ್ತು, ಯಾಕಂದ್ರೆ ಹದಿನಾರು ಹದಿನೇಳರ ಹುಡುಗ ಹುಡುಗಿ ಪ್ರೀತಿ ಅಂತ ಓಡಿಹೋಗಿ ಅದು ಅಪರಾಧ ಅಂತ ಗೊತ್ತೇ ಇಲ್ದೆ ಕೇಸಲ್ಲಿ ಸಿಕ್ಕೊಳ್ತಿರೋದನ್ನ ಆ ಕೋರ್ಟು ಮತ್ತೆ ಮತ್ತೆ ನೋಡ್ತಿತ್ತು. ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ಅಶ್ಲೀಲ ವಿಡಿಯೋ ಬಗ್ಗೆ ತೀರ್ಪು ಕೊಟ್ಟಾಗ ಸಮಗ್ರ ಲೈಂಗಿಕ ಶಿಕ್ಷಣ ತರೋ ಬಗ್ಗೆ ಕೇಂದ್ರ ಯೋಚನೆ ಮಾಡ್ಲಿ ಅಂತು, 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಕೇಸಲ್ಲಿ ಒಂಬತ್ತನೇ ಕ್ಲಾಸಿಂದ ಅಲ್ಲ ಇನ್ನೂ ಸಣ್ಣ ವಯಸ್ಸಿಂದಾನೇ ಹೇಳಿಕೊಡಬೇಕು ಅಂತು.

ಪೋಷಕರ ಭಯ ಸುಳ್ಳು ಅಂತ ನಾನು ಹೇಳಲ್ಲ. ಹೇಳಿಕೊಟ್ರೆ ಮಕ್ಕಳು ಅದನ್ನೇ ಮಾಡೋಕೆ ಹೋಗ್ತಾರೆ ಅನ್ನೋದು ದೊಡ್ಡ ಭಯ. ಯುನೆಸ್ಕೋದವ್ರು ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿ 2018ರಲ್ಲಿ ಮಾರ್ಗಸೂಚಿ ತಂದ್ರಲ್ಲ, ಅದ್ರಲ್ಲಿ ಕಂಡಿದ್ದು ಇಂಥಾ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಜಾಸ್ತಿ ಆಗಲ್ಲ ಅಂತಾನೇ. ಇನ್ನೊಂದು, ನಮ್ಮ ಮನೆ ಸಂಸ್ಕಾರ, ನಮ್ಮ ಧರ್ಮ ಏನು ಹೇಳುತ್ತೋ ಅದಕ್ಕೆ ವಿರುದ್ಧ ಹೇಳಿಕೊಟ್ರೆ ಅನ್ನೋದು. ಮನೆ ಸಂಸ್ಕಾರ ಮನೇಲೇ ಹೇಳಿ, ಯಾರೂ ತಡೆಯಲ್ಲ, ಮದುವೆಗೆ ಮೊದ್ಲು ಬೇಡ ಅಂತ ನಿಮ್ಮ ಮನೇಲಿ ಹೇಳೋದಾದ್ರೆ ಧಾರಾಳವಾಗಿ ಹೇಳಿ, ಶಾಲೆ ಹೇಳೋದು ದೇಹ ಹೆಂಗೆ ಕೆಲಸ ಮಾಡುತ್ತೆ, ರೋಗ ಹೆಂಗೆ ಬರುತ್ತೆ, ಕಾನೂನು ಏನು, ಯಾರಾದ್ರೂ ಮುಟ್ಟಿದ್ರೆ ಯಾರಿಗೆ ಹೇಳ್ಬೇಕು, ಮಕ್ಕಳ ಸಹಾಯವಾಣಿ 1098 ಅಂದ್ರೇನು ಅನ್ನೋದು. ಡೆನ್ಮಾರ್ಕಲ್ಲಿ 1970ರಲ್ಲಿ ಇದನ್ನ ಕಡ್ಡಾಯ ಮಾಡಿದಾಗ ಮೂರು ಜೋಡಿ ಪೋಷಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದ್ರು. 1976ರಲ್ಲಿ ಆ ಕೋರ್ಟು ಹೇಳಿದ್ದು ಏನಂದ್ರೆ, ಮಾಹಿತಿಯನ್ನ ವಸ್ತುನಿಷ್ಠವಾಗಿ, ಒಂದೇ ಕಡೆ ಎಳೀದೆ ಕೊಡೋದಾದ್ರೆ ಸರ್ಕಾರ ಕಡ್ಡಾಯ ಮಾಡಬಹುದು, ಮಕ್ಕಳ ತಲೆಗೆ ಒಂದೇ ಅಭಿಪ್ರಾಯ ತುಂಬೋಕೆ ಮಾತ್ರ ಹೋಗ್ಬಾರ್ದು. ಐವತ್ತು ವರ್ಷದ ಹಿಂದಿನ ಆ ಗೆರೆ ನಮಗೂ ಸರಿಯಾಗಿದೆ ಅನ್ಸುತ್ತೆ ನಂಗೆ.

ಬೇರೆ ದೇಶದಲ್ಲಿ ಬಿಡ್ತಾರಲ್ಲ ಅಂತ ಗ್ರೂಪಲ್ಲಿ ಒಬ್ರು ಕೇಳಿದ್ರು. ಹೌದು, ಇಂಗ್ಲೆಂಡಲ್ಲಿ ಬಿಡ್ತಾರೆ, ಆದ್ರೆ ಹೆಂಗೆ ಅಂತ ಪೂರ್ತಿ ನೋಡ್ಬೇಕು. 2020ರಿಂದ ಅಲ್ಲಿ ಸಂಬಂಧಗಳ ಪಾಠ, ಸುರಕ್ಷತೆ, ವಿಜ್ಞಾನದ ಪಾಠ ಇದ್ಯಾವುದರಿಂದಾನೂ ಮಗುನ ಎಬ್ಬಿಸೋ ಹಾಗಿಲ್ಲ. ಲೈಂಗಿಕತೆ ಭಾಗದಿಂದ ಮಾತ್ರ ಪೋಷಕರು ಬಿಡಿಸ್ಕೋಬಹುದು, ಅದೂ ಮಗೂಗೆ 16 ತುಂಬೋಕೆ ಮೂರು ಟರ್ಮ್, ಅಂದ್ರೆ ಸುಮಾರು ಒಂದು ವರ್ಷ ಇರೋವರೆಗೆ, ಆಮೇಲೆ ಮಗುನೇ ನಾನು ಕೂರ್ತೀನಿ ಅಂದ್ರೆ ಶಾಲೆ ಕೂರಿಸ್ಕೋಬೇಕು. ಪಕ್ಕದ ವೇಲ್ಸಲ್ಲಿ 2022ರಿಂದ ಬಿಡಿಸ್ಕೊಳ್ಳೋ ಹಕ್ಕನ್ನೇ ತೆಗೆದ್ರು. ಅಮೆರಿಕದಲ್ಲಿ ಉಲ್ಟಾ, 2025ರ ಜೂನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೇರಿಲ್ಯಾಂಡಿನ ಪೋಷಕರ ಪರ 6-3ರಲ್ಲಿ ತೀರ್ಪು ಕೊಡ್ತು, ಆದ್ರೆ ಅದು ಪ್ರಾಥಮಿಕ ಶಾಲೆಯ ಕಥೆಪುಸ್ತಕಗಳ ಬಗ್ಗೆ, ಧರ್ಮದ ಹಕ್ಕಿನ ಮೇಲೆ. ಅದನ್ನ ಇಲ್ಲಿನ ಎಂಟನೇ ಕ್ಲಾಸಿಗೆ ತಂದು ಅಂಟಿಸೋಕೆ ಆಗಲ್ಲ. ಇಂಗ್ಲೆಂಡ್ ದಾರಿ ನಮಗೆ ಯಾಕೆ ಬೇಡ ಅಂದ್ರೆ, ಅಲ್ಲಿ ಹದಿನೈದರ ಹುಡುಗಿ ನಾನು ಕೂರ್ತೀನಿ ಅಂತ ಹೇಳಬಹುದು, ನಮ್ಮ ಕಡೆ ಹದಿನೈದರ ಹುಡುಗಿ ಅಪ್ಪ ಬೇಡ ಅಂದ ಮೇಲೆ ಮೇಡಂ ಹತ್ರ ಹೋಗಿ ನಾನು ಕೂರ್ತೀನಿ ಅಂತಾಳಾ? ಇನ್ನು ಒಂದು ಸಲ ಲೆಟರ್ ಅನ್ನೋದು ಬಂತು ಅಂದ್ರೆ ಇಲ್ಲಿನ ಹೆಡ್‌ಮಾಸ್ಟ್ರು ತಲೆನೋವು ಯಾಕೆ ಅಂತ ಎಲ್ರ ಕೈಲೂ ಸಹಿ ಹಾಕಿಸ್ಕೊಂಡು ಕ್ಲಾಸೇ ಇಲ್ಲ ಅನ್ನಿಸಿಬಿಡ್ತಾರೆ, ನಮ್ಮ ವ್ಯವಸ್ಥೆ ನಂಗೆ ಚೆನ್ನಾಗಿ ಗೊತ್ತು.

ಹಾಗಂತ ಪೋಷಕರು ಬಾಯಿ ಮುಚ್ಕೊಂಡು ಇರಿ ಅಂತಾನೂ ಅಲ್ಲ. 2007ರಲ್ಲಿ ಆದ ಗಲಾಟೆಗೆ ಅರ್ಧ ಕಾರಣ ಪೋಷಕರು ಆ ಪುಸ್ತಕ ನೋಡೇ ಇರ್ಲಿಲ್ಲ, ಟಿವಿಲಿ ಪೇಪರಲ್ಲಿ ಯಾರೋ ಹೇಳಿದ್ದು ಕೇಳಿ ಹೆದರಿದ್ರು ಅಂತ ನನ್ನ ಅಭಿಪ್ರಾಯ. ಈ ಸಲ ಕ್ಲಾಸ್ ಶುರು ಆಗೋ ಮೊದ್ಲೇ ಎಲ್ಲಾ ಪಾಠ, ಎಲ್ಲಾ ಚಿತ್ರ, ಟೀಚರ್ ಕೈಪಿಡಿ ಸಮೇತ ಕನ್ನಡದಲ್ಲಿ ಪೋಷಕರ ಮುಂದೆ ಇಡಿ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೇಲಿ ಓದಿ ಹೇಳಿ, ಓದೋಕೆ ಬರ್ದೇ ಇರೋ ತಾಯಂದಿರಿಗೆ ಆಶಾ ಕಾರ್ಯಕರ್ತೆ ಕೂತು ವಿವರಿಸ್ಲಿ. ಒಂದು ಚಿತ್ರ ಸರಿ ಇಲ್ಲ ಅಂತ ಹತ್ತು ಊರಿಂದ ಬಂದ್ರೆ ಆ ಚಿತ್ರ ಬದಲಾಯಿಸಿ. ಯಾರು ಪಾಠ ಮಾಡ್ತಾರೆ, ಆ ರೂಮಲ್ಲಿ ಇನ್ನೊಬ್ಬ ಟೀಚರ್ ಇರ್ತಾರಾ ಅಂತ ಕೇಳೋ ಹಕ್ಕು ತಾಯಿಗೆ ಇದೆ, ಶಾಲೆಗಳಲ್ಲೇ ಏನೇನಾಗಿದೆ ಅಂತ ನಾವು ಪೇಪರಲ್ಲಿ ಓದ್ತಾನೇ ಇದೀವಿ, ಆ ಪ್ರಶ್ನೆಗೆ ಇಲಾಖೆ ಕೋಪ ಮಾಡ್ಕೊಳ್ದೆ ಉತ್ತರ ಕೊಡ್ಬೇಕು.

ಡಾಕ್ಟ್ರು ವಾರಕ್ಕೆ ಎರಡು ಸಲ ಬರ್ತಾರೆ ಅಂತ ಸಚಿವರು ಹೇಳಿದ್ರಲ್ಲ, ಅದ್ರ ಬಗ್ಗೆ ಒಂದು ಮಾತು. ಒಂದು ಪಿಎಚ್‌ಸಿಲಿ ಎಷ್ಟೋ ಕಡೆ ಒಬ್ರೇ ಡಾಕ್ಟ್ರು, ಬೆಳಿಗ್ಗೆ ಓಪಿಡಿ ಕ್ಯೂ, ಮಧ್ಯಾಹ್ನ ಮೀಟಿಂಗು, ಲಸಿಕೆ ದಿನ ಬೇರೆ. ಎರಡು ತಿಂಗಳು ಬಂದು ಆಮೇಲೆ ನಿಂತು ಹೋಗುತ್ತೆ, ನಿಂತು ಹೋದ್ರೆ ಮತ್ತೆ ಹತ್ತು ವರ್ಷ ಯಾರೂ ಈ ಮಾತು ಎತ್ತಲ್ಲ. ಡಾಕ್ಟ್ರು ತಿಂಗಳಿಗೊಂದ್ಸಲ ಬರ್ಲಿ ಸಾಕು, ಪ್ರತಿ ಹೈಸ್ಕೂಲಲ್ಲೂ ಒಬ್ಬ ಮೇಷ್ಟ್ರಿಗೆ ಒಬ್ಬ ಮೇಡಂಗೆ ಚೆನ್ನಾಗಿ ಟ್ರೇನಿಂಗ್ ಕೊಡಿ, ನಾಚಿಕೆ ಬಿಟ್ಟು ಮಾತಾಡೋದನ್ನ ಅವ್ರಿಗೂ ಕಲಿಸ್ಬೇಕಾಗುತ್ತೆ. ಮಗು ಏನಾದ್ರೂ ಹೇಳ್ಕೋಬೇಕು ಅಂದ್ರೆ ದಿನಾ ಮುಖ ನೋಡೋ ಟೀಚರ್ ಹತ್ರಾನೇ ಹೇಳ್ಕೊಳೋದು. ಹೆಸರು ಹಾಕ್ದೆ ಚೀಟೀಲಿ ಪ್ರಶ್ನೆ ಬರೆದು ಹಾಕೋಕೆ ಒಂದು ಡಬ್ಬ ಇಡಿ, ಹುಡುಗ್ರು ಹುಡುಗೀರನ್ನ ಕೆಲವು ಪಾಠಕ್ಕೆ ಬೇರೆ ಬೇರೆ ಕೂರಿಸಿ ಆದ್ರೆ ಮುಟ್ಟಿನ ಪಾಠ ಹುಡುಗ್ರಿಗೂ ಇರ್ಲಿ. ಸ್ನೇಹ ಕ್ಲಿನಿಕ್ ಅಂತ ಆಸ್ಪತ್ರೇಲಿ ಬೋರ್ಡ್ ಇದೆ, ಅದು ಹದಿಹರೆಯದವ್ರಿಗೇ ಅಂತ ಇರೋದು ಅಂತ ಎಷ್ಟು ಮಕ್ಕಳಿಗೆ ಗೊತ್ತು, ಕ್ಲಾಸಲ್ಲಿ ಒಂದ್ಸಲ ಕರ್ಕೊಂಡು ಹೋಗಿ ತೋರ್ಸಿ. ಮತ್ತೆ ಎಂಟನೇ ಕ್ಲಾಸು ತಡ ಆಯ್ತು, ದೇಹ ಮುಟ್ಟೋ ವಿಷಯ ಮತ್ತು ಮುಟ್ಟಿನ ವಿಷಯ ಐದನೇ ಕ್ಲಾಸಲ್ಲೇ ಬರ್ಬೇಕು.

ಒಂದು ವಿನಾಯಿತಿ ಮಾತ್ರ ನಾನೇ ಕೇಳ್ತೀನಿ. ಈಗಾಗ್ಲೇ ನೋವು ಅನುಭವಿಸಿರೋ ಮಗು ಆ ಕ್ಲಾಸಲ್ಲಿ ಕೂರೋಕೆ ಆಗ್ದೆ ಒದ್ದಾಡಬಹುದು. ಅಂಥಾ ಮಗು ಯಾರ ಲೆಟರೂ ಇಲ್ದೆ, ಕಾರಣ ಹೇಳ್ದೆ, ನೀರು ಕುಡಿದು ಬರ್ತೀನಿ ಅಂತ ಎದ್ದು ಹೋಗೋಕೆ ಬಿಡಿ, ಆಮೇಲೆ ಆ ಟೀಚರ್ ಒಬ್ರೇ ಹೋಗಿ ನಿಧಾನಕ್ಕೆ ಮಾತಾಡ್ಸಿ. ಎದ್ದು ಹೋಗೋ ಹಕ್ಕು ಕೊಡೋದಾದ್ರೆ ಆ ಮಗೂಗೆ ಕೊಡಿ.

ಆದ್ದರಿಂದ ಇಲಾಖೆಯವ್ರಲ್ಲಿ ಕೇಳ್ಕೊಳ್ಳೋದು, ಹೊರಡಿಸೋ ಆದೇಶದಲ್ಲಿ ಸ್ಪಷ್ಟವಾಗಿ ಬರೀರಿ, ಸರ್ಕಾರಿ ಅನುದಾನಿತ ಖಾಸಗಿ ಯಾವ ಶಾಲೆಯೂ ಈ ತರಗತಿಗೆ ಪೋಷಕರಿಂದ ವಿನಾಯಿತಿ ಪತ್ರ ಕೇಳೋ ಹಾಗಿಲ್ಲ, ತಗೊಳ್ಳೋ ಹಾಗಿಲ್ಲ ಅಂತ. ಅದೇ ಆದೇಶದಲ್ಲಿ ಪಠ್ಯ ಪೂರ್ತಿ ನೋಡೋ ಹಕ್ಕು ಪ್ರತಿ ಪೋಷಕರಿಗೂ ಇದೆ ಅಂತಾನೂ ಬರೀರಿ, ಕರಡನ್ನ ಮೊದ್ಲು ಜನರ ಮುಂದೆ ಇಟ್ಟು ಅಭಿಪ್ರಾಯ ಹೇಳೋಕೆ ಒಂದು ತಿಂಗಳು ಟೈಮ್ ಕೊಡಿ. ಪೋಷಕರೇ, ಗ್ರೂಪಲ್ಲಿ ಬೇಡ ಅಂತ ಹಾಕೋ ಮೊದ್ಲು ನಿಮ್ಮ ಮಗುವಿನ ಶಾಲೆಗೆ ಹೋಗಿ ಪುಸ್ತಕ ತೋರ್ಸಿ ಅಂತ ಕೇಳಿ, ಕೂತು ಓದಿ, ಸರಿ ಇಲ್ಲದ್ದು ಕಂಡ್ರೆ ಪುಟದ ನಂಬರ್ ಸಮೇತ ಬರೆದುಕೊಡಿ, ನಾನೂ ನಿಮ್ಮ ಜೊತೆ ಬಂದು ಸಹಿ ಹಾಕ್ತೀನಿ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ಎಎನ್‌ಎಂ, ಇಬ್ಬರು ಮೊಮ್ಮಕ್ಕಳ ಅಜ್ಜಿ